ಮೂರು ವರ್ಷ ಇಳಿಯದ ವಿಮಾನ

ಒಂದು ವಸ್ತುವನ್ನು ಜೋಪಾನವಾಗಿ ಎತ್ತಿಡುವ ವಿಷಯದಲ್ಲಿ ಸಿಂದಗಿ ಪೇಟೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ ನನ್ನ ಕಸುಬು. ಅಂಗಡಿ ತೆರೆದ ದಿನದಿಂದ ಇವತ್ತಿನವರೆಗೆ ಒಂದು ವಾಶರ್ ಕಳೆದಿಲ್ಲ, ಒಬ್ಬರ ನಟ್ಟು ಇನ್ನೊಬ್ಬರ ಪಂಪಿಗೆ ಸೇರಿಲ್ಲ. ಇಂಥ ಶಿಸ್ತಿನ ಮನುಷ್ಯನಿಗೆ ಮೂರು ಪುಸ್ತಕ ಕಾಯುವುದು ಯಾವ ಮಹಾ ಕೆಲಸ?

ಮಹಾ ಕೆಲಸವೇ ಆಯಿತು!

ಪುಸ್ತಕಗಳು ನನ್ನ ಮಾವನವರವು. ಇಂಗಳೇಶ್ವರದ ಈರಪ್ಪ ಮಾಸ್ತರು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗಳನ್ನು ನನಗೆ ಕೊಡುವಾಗ ಒಂದು ಮಾತೂ ಆಡದ ಈ ಮನುಷ್ಯ, ಪುಸ್ತಕ ಕೊಡುವಾಗ ಮಾತ್ರ ಅರ್ಧ ತಾಸು ಬುದ್ಧಿ ಹೇಳಿದರು. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಬಾರದು. ಗುರುತಿಗೆಂದು ಹಾಳೆಯ ಮೂಲೆ ಮಡಚಬಾರದು. ಪುಸ್ತಕದ ಮೇಲೆ ಚಹಾದ ಕಪ್ಪು ಇಡಬಾರದು. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಮೊದಲನೆಯದು ಎರಡನೆಯ ಮಹಾಯುದ್ಧದಲ್ಲಿ ಬಾಂಬು ಹಾಕುವ ವಿಮಾನದಲ್ಲಿ ಹೋಗುತ್ತಿದ್ದವರ ಕಥೆ. ಇಂಗ್ಲಿಷಿನದು. ಮಾವನವರು ಹರೆಯದಲ್ಲಿ ಸೊಲ್ಲಾಪುರದ ಫುಟ್‌ಪಾತಿನಲ್ಲಿ ಕೊಂಡದ್ದು. ಮುಖಪುಟದ ಮೇಲೆ ಒಂದು ಭಾರಿ ವಿಮಾನ, ಅದರ ಮುಂದೆ ಚರ್ಮದ ಕೋಟು ತೊಟ್ಟ ಏಳು ಮಂದಿ ತರುಣರು. ಒಂದು ಮೂಲೆಯನ್ನು ಇಲಿ ತಿಂದಿತ್ತು. ಎರಡನೆಯದು ನಮ್ಮ ಸೀಮೆಯ ಇತಿಹಾಸ, ಕನ್ನಡದ್ದು. ಮೂರನೆಯದು ಇಂಗ್ಲಿಷ್ ಗಾದೆಗಳ ಪುಸ್ತಕ, ಗಿಡ್ಡ, ದಪ್ಪ. ಅದರಲ್ಲಿ ಪ್ರತಿಯೊಂದು ಇಂಗ್ಲಿಷ್ ಗಾದೆಯ ಪಕ್ಕಕ್ಕೆ ಅದಕ್ಕೆ ಸರಿಹೊಂದುವ ನಮ್ಮ ಗಾದೆಯನ್ನು ಮಾವನವರು ಪೆನ್ಸಿಲಿನಲ್ಲಿ ಬರೆಯುತ್ತ ಬಂದಿದ್ದರು. ಇನ್ನೂ ಕೆಲವು ಖಾಲಿ ಇದ್ದವು.

ಮೂರು ವರ್ಷ ಪುಸ್ತಕಗಳು ನನ್ನ ಮನೆಯಲ್ಲಿದ್ದವು. ನಾನು ಓದಿದೆನೇ? ಸತ್ಯ ಹೇಳಬೇಕೆಂದರೆ, ಏಳು ಮಂದಿ ತರುಣರ ಮುಖ ನೋಡಿದೆ. ಏಳನ್ನೂ ನೋಡಿದೆ. ಆಮೇಲೆ ನಿದ್ದೆ ಬಂತು. ಮರುದಿನವೂ ಬಂತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರೇ ಹೇಳಿದ್ದಾರಲ್ಲ! ಮುಕ್ಕಾಲು ನನ್ನಲ್ಲಿ ಇದ್ದೇ ಇದೆ ಎಂದು ಒಕ್ಕಾಲನ್ನು ಬಿಟ್ಟುಬಿಟ್ಟೆ.

ಆದರೆ ಮಾವನವರು ಪ್ರತಿ ರವಿವಾರ ಫೋನು ಮಾಡುತ್ತಿದ್ದರು.

"ಅಳಿಯಂದ್ರ, ವಿಮಾನದ ಪುಸ್ತಕ ಎಲ್ಲೀತನಕ ಬಂತು?"

"ಓದಾಕತ್ತೇನ್ರಿ ಮಾವಾರ. ವಿಮಾನ ಮ್ಯಾಲ ಹಾರೇತ್ರಿ."

"ಹೌದಾ? ಛಲೋ ಆತು."

ಮುಂದಿನ ರವಿವಾರವೂ ಅದೇ ಪ್ರಶ್ನೆ. "ಇನ್ನೂ ಮ್ಯಾಲ ಐತ್ರಿ," ಎನ್ನುತ್ತಿದ್ದೆ. ಮಳೆಗಾಲ ಹೋಯಿತು, ಚಳಿಗಾಲ ಬಂತು, ವಿಮಾನ ಮಾತ್ರ ಕೆಳಗಿಳಿಯಲಿಲ್ಲ. ಎಣ್ಣೆ ಹಾಕದೆ ಮೂರು ವರ್ಷ ಹಾರಿದ ವಿಮಾನ ಜಗತ್ತಿನಲ್ಲಿ ಅದೊಂದೇ ಇರಬೇಕು.

ಈ ನಡುವೆ ಮನೆಯಲ್ಲಿ ಒರಲಿ ಹುಳ ಕಾಣಿಸಿದವು. ಪುಸ್ತಕ ಓದದವನಿಗೂ ಪುಸ್ತಕದ ಕಾಳಜಿ ಇರುತ್ತದೆ. ಅದೇ ವಾರ ಇಂಡಿಯಲ್ಲಿ ಗೆಳೆಯ ರೇವಪ್ಪನ ಮಗಳ ಮದುವೆ ಇತ್ತು. ಮದುವೆಯ ಉಡುಗೊರೆಗೆಂದು, ನಮ್ಮ ಬಾಯಲ್ಲಿ ಅದು ಆಯಾರ, ಮೂರು ಡಬ್ಬಿಯ ಹಾಟ್‌ಬಾಕ್ಸ್ ಸೆಟ್ಟು ತಂದಿದ್ದೆವು. ಗಿಳಿಗಳ ಚಿತ್ರವಿದ್ದ ಕೆಂಪು ಮಿಂಚಿನ ಕಾಗದ ತಂದು ಅದನ್ನು ಸುತ್ತಿದೆ. ಕಾಗದ ಉಳಿಯಿತು. ಉಳಿದದ್ದನ್ನು ವ್ಯರ್ಥ ಮಾಡುವ ಮನುಷ್ಯ ನಾನಲ್ಲ. ಮೂರು ಪುಸ್ತಕಗಳನ್ನೂ ಒಂದು ರಟ್ಟಿನ ಡಬ್ಬಿಯಲ್ಲಿಟ್ಟು, ಅದೇ ಗಿಳಿ ಕಾಗದ ಸುತ್ತಿ, ಟೇಪು ಹಚ್ಚಿ, ಒರಲಿ ಹೋಗಲಿ, ಗಾಳಿಯೂ ಹೋಗದಂತೆ ಬಂದೋಬಸ್ತು ಮಾಡಿದೆ.

ನನ್ನ ಹೆಂಡತಿ ಸುಮಂಗಲಾ ನೋಡಿದಳು.

"ಏನ್ರೀ, ಎರಡೂ ಒಂದ ನಮೂನಿ ಕಾಣ್ತಾವು. ಮ್ಯಾಲ ಪೆನ್ನಿನಿಂದ ಬರೀರಿ."

"ಬರಿಯೂದ್ಯಾಕ? ನನಗ ಗುರುತು ಐತಿ."

"ಗುರುತು ಇದ್ದವ್ರ ಕೈಯಾಗ ಹೋದ ವಾರ ನನ್ನ ಚಪ್ಪಲಿ ಬದಲಾಗಿ ಬಂದಾವು, ಗುಡಿಯಿಂದ."

ಆ ಮಾತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಿ, ಎರಡನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮದುವೆಯ ದಿನ ಬೀಗ ತೆಗೆದೆ. ಒಂದನ್ನು ಎತ್ತಿಕೊಂಡೆ. ಇಂಡಿಗೆ ಹೋಗಿ ಮದುಮಕ್ಕಳ ಕೈಗೆ ಕೊಟ್ಟು, ಫೋಟೋಕ್ಕೆ ನಿಂತು, ಎರಡು ಸಲ ಬುಂದಿ ಹಾಕಿಸಿಕೊಂಡು ಬಂದೆ.

ನಾಲ್ಕು ತಿಂಗಳ ಮೇಲೆ, ಒಂದು ಸೋಮವಾರ ಬೆಳಗ್ಗೆ ಮಾವನವರ ಫೋನು ಬಂತು.

"ಅಳಿಯಂದ್ರ, ಕಣ್ಣಿನ ಪೊರಿ ಭಾಳ ಬೆಳದೈತಿ. ಮುಂದಿನ ವಾರ ವಿಜಯಪುರದಾಗ ಆಪರೇಶನ್. ಅದಕ್ಕ ಈ ರವಿವಾರ ನನ್ನ ಮೂರು ಪುಸ್ತಕ ತಂದು ಕೊಡ್ರಿ. ಡಾಕ್ಟರ್ ಪಟ್ಟಿ ಬಿಚ್ಚಿದ ಕೂಡ್ಲೆ ಮೊದಲ ಅವನ್ನ ನೋಡಬೇಕಂತ ಜೀವ ಅನ್ನಾಕತ್ತೈತಿ."

"ಆಗಲ್ರಿ ಮಾವಾರ."

"ವಿಮಾನ?"

"ಮ್ಯಾಲ ಐತ್ರಿ."

ನಗುನಗುತ್ತ ಟ್ರಂಕು ತೆಗೆದು, ಗಿಳಿ ಕಾಗದ ಹರಿದೆ. ಒಳಗೆ ಮೂರು ಡಬ್ಬಿಯ ಹಾಟ್‌ಬಾಕ್ಸು ಫಳಫಳ ಹೊಳೆಯುತ್ತಿತ್ತು. ಮುಚ್ಚಳ ತೆಗೆದೂ ನೋಡಿದೆ. ಮಾವನವರ ಪುಸ್ತಕಗಳು ಅದರಲ್ಲಿಯೂ ಇರಲಿಲ್ಲ.

ಸುಮಂಗಲಾ ಬಾಗಿಲಲ್ಲಿ ನಿಂತಿದ್ದಳು. ನಾನು ಬೈಗುಳಕ್ಕೆ ಸಿದ್ಧನಾದೆ. ಆದರೆ ಅವಳು ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅವ್ವ ಹೋದ ಮ್ಯಾಲ ಅಪ್ಪ ಏನೂ ಬೇಡಿದಾಂವ ಅಲ್ಲ," ಎಂದಳು. "ಕಣ್ಣು ಬಂದ ಕೂಡ್ಲೆ ಪುಸ್ತಕ ನೋಡತೇನಿ ಅಂತಾನ. ರವಿವಾರದೊಳಗ ತರ್ರಿ. ಅಪ್ಪನ ಮುಂದ ನಾ ಸುಳ್ಳು ಹೇಳೂದಿಲ್ಲ."

ಈಗ ಒಂದು ಸೂಕ್ಷ್ಮ ಸಂಗತಿ ಹೇಳಬೇಕು. ನಮ್ಮ ಕಡೆ ಕೊಟ್ಟ ಆಯಾರ ವಾಪಸು ಕೇಳುವುದೆಂದರೆ ಕೊಟ್ಟ ಹೆಣ್ಣು ವಾಪಸು ಕೇಳಿದಷ್ಟೇ ಅಪಮಾನ. ಅದಕ್ಕೆ ನಾನು ಒಂದು ಯುಕ್ತಿ ಮಾಡಿದೆ. ಹಾಟ್‌ಬಾಕ್ಸನ್ನು ಚೀಲದಲ್ಲಿಟ್ಟು ಬೈಕಿನ ಹಿಂದೆ ರಬ್ಬರಿನಿಂದ ಕಟ್ಟಿಕೊಂಡೆ. ಇಂಡಿಗೆ ಹೋಗಿ, ನಯವಾಗಿ ಮಾತು ತೆಗೆದು, ಅದನ್ನು ಕೊಟ್ಟು ಇದನ್ನು ತರುವುದು. ಒಂದು ತಾಸಿನ ಕೆಲಸ!

ರೇವಪ್ಪ ನಿಂಬೆಹಣ್ಣಿನ ವ್ಯಾಪಾರಿ. ಪಡಸಾಲೆಯಲ್ಲಿ ಚೀಲಗಳ ನಡುವೆ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡೆ.

"ಅಲ್ಲ ವೈನಿ, ನಾವು ಕೊಟ್ಟ ಆಯಾರ ಹೆಂಗಿತ್ರಿ?"

ರೇವಪ್ಪನ ಹೆಂಡತಿ ಒಂದು ಕ್ಷಣವೂ ತಡೆಯಲಿಲ್ಲ. "ಅಯ್ಯ, ಭಾಳ ಛಲೋ ಐತ್ರಿ! ದಿನಾ ಬಳಸ್ತೇವಿ."

"ದಿನಾ?"

"ಎರಡೂ ಹೊತ್ತು!"

ನನಗೆ ಬೆವರು ಬಂತು. ನಾನು ಮೂರು ವರ್ಷದಲ್ಲಿ ಒಂದು ಹಾಳೆ ತಿರುವದ ಪುಸ್ತಕವನ್ನು ಈ ನಿಂಬೆಹಣ್ಣಿನ ಮನೆಯವರು ದಿನಕ್ಕೆ ಎರಡು ಹೊತ್ತು ಓದುತ್ತಿದ್ದಾರೆಯೇ?

ವೈನಿಯ ಕಣ್ಣು ನನ್ನ ಚೀಲದಿಂದ ಇಣುಕುತ್ತಿದ್ದ ಹಾಟ್‌ಬಾಕ್ಸಿನ ಮೇಲೆ ಬಿತ್ತು. "ರೊಟ್ಟಿ ಇಟ್ರ ಸಂಜೀತನಕ ಬಿಸಿ ಇರ್ತಾವ್ರಿ," ಎಂದು ಸೇರಿಸಿದರು.

ಆಗ ನನಗೆ ತಿಳಿಯಿತು. ಇವರು ಡಬ್ಬಿ ಬಿಚ್ಚಿಯೇ ಇಲ್ಲ! ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ನಿಜ ಹೇಳುತ್ತಾನೆ. ಮುಕ್ಕಾಲು ಬುದ್ಧಿಯ ನಾನು ಒಂದು ಸುಳ್ಳು ಹೇಳಿದೆ.

"ಹಂಗಲ್ರಿ ವೈನಿ. ಆ ಸಾಮಾನಿನಾಗ ದೋಷ ಐತಂತ, ಮಾಡಿದ ಕಂಪನಿಯವ್ರು ವಾಪಸ್ ಕೇಳ್ಯಾರ. ಬಿಸಿ ಹೆಚ್ಚಾದ್ರ ಮುಚ್ಚಳ ಸಿಡಿತೈತಂತ. ಅದಕ್ಕ ಹೊಸಾದು ತಂದೇನಿ. ಹಳೇದು ಕೊಟ್ಟುಬಿಡ್ರಿ."

ವೈನಿಯ ಮುಖ ಬಿಳಿಚಿತು. ರೇವಪ್ಪ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದ.

"ಲೇ ಮಾರಾಯ, ಅದನ್ನ ನಾವು ಬಿಚ್ಚೇ ಇಲ್ಲೋ! ಯಂಕಂಚಿಯಾಗ ನಮ್ಮ ಬೀಗರ ಮನಿ ವಾಸ್ತುಶಾಂತಿ ಇತ್ತು. ಡಬ್ಬಿ ಎತ್ತಿ ನೋಡಿದ್ವಿ, ಭಾರ ಇತ್ತು. ಭಾರ ಇದ್ದದ್ದು ಬೀಗರಿಗೆ ಒಪ್ಪತೈತಿ ಅಂತ ಹಂಗ ಕೊಟ್ಟೇವಿ."

ಬೈಯುವ ಹಕ್ಕು ನನಗಿರಲಿಲ್ಲ. ನಮ್ಮ ಟ್ರಂಕಿನಲ್ಲಿಯೂ ಬಿಚ್ಚದ ಡಬ್ಬಿಗಳು ಸರದಿಯಲ್ಲಿ ಕುಳಿತಿವೆ. ಒಂದು ಟೀ ಸೆಟ್ಟಂತೂ ನಮ್ಮ ಮನೆಗೆ ಮೂರನೆಯ ಸಲ ಬಂದಿದೆ.

ಮರುದಿನ ಯಂಕಂಚಿ. ಆ ಬೀಗರು, ಶರಣಗೌಡರು, ನನ್ನನ್ನು ಹೊಸ ಮನೆಯ ನಡುಮನೆಯಲ್ಲಿ ಕೂಡಿಸಿದರು. ರೇವಪ್ಪ ಕೊಟ್ಟ ಡಬ್ಬಿಯ ಬಗ್ಗೆ ಕೇಳಿದೊಡನೆ ಗೋಡೆಯತ್ತ ಕೈ ಮಾಡಿದರು.

"ಅಲ್ಲಿ ನೋಡ್ರಿ, ರೇವಪ್ಪನ ಗಡಿಯಾರ. ಇವತ್ತಿನತನಕ ಒಂದ್ ನಿಮಿಷ ತಪ್ಪಿಲ್ಲ."

ಗಡಿಯಾರದ ಕೆಳಗೆ ಯಾವುದೋ ಬೀಜದಂಗಡಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಮುಳ್ಳುಗಳು ನಿಂತಿದ್ದವು. ನಿಂತ ಗಡಿಯಾರ ನಿಮಿಷ ತಪ್ಪುವುದಾದರೂ ಹೇಗೆ! ನಾನು "ಚೆಂದ ಐತ್ರಿ" ಎಂದೆ. ಅಷ್ಟರಲ್ಲಿ ಗೌಡರ ಫೋನು ಗುಣುಗುಣಿಸಿತು. ಇಂಡಿಯಿಂದ ವೈನಿ. ಗೌಡರು ಕೇಳುತ್ತ ಕೇಳುತ್ತ ನಿಂತೇಬಿಟ್ಟರು.

"ಏನು? ಮುಚ್ಚಳ ಸಿಡಿದು ಒಬ್ರ ಹಲ್ಲು ಹೋಗ್ಯಾವ?" ಎಂದರು. ಆಮೇಲೆ ಗೋಡೆಯನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು. "ಗಡಿಯಾರಕ್ಕ ಮುಚ್ಚಳ ಎಲ್ಲಿ ಇರ್ತೈತ್ರಿ?"

ಹೊಸ್ತಿಲ ಬಳಿ ಕಡಲೆ ಹಸನು ಮಾಡುತ್ತಿದ್ದ ಗೌಡರ ತಾಯಿ ಮೊರ ಕೆಳಗಿಟ್ಟಳು.

"ಯಾಕ ಸುಳ್ಳು ಹೇಳ್ತೀಯೋ? ಆ ಡಬ್ಬಿಗೆ ಬ್ಯಾರೆ ಕಾಗದ ಸುತ್ತಿ ಮುದ್ದೇಬಿಹಾಳದ ಬಟ್ಟಿ ಅಂಗಡಿ ಮೈಬೂಬಸಾಬನ ಮಗಳ ಮದಿವಿಗೆ ಕೊಟ್ಟಿ. ಗಿಳಿ ಕಾಗದ ಹರದಿತ್ತು. ಹಳದಿ ಕಾಗದ ನಾನ ತೆಗೆದು ಕೊಟ್ಟೇನಿ." ಆಮೇಲೆ ನನ್ನತ್ತ ತಿರುಗಿದಳು. "ನೀ ಪಂಪ್ ರಿಪೇರಿ ಮಾಡಾಂವ ಅಲ್ಲೇನಪ? ಬಂದೀದಿ, ನಮ್ಮ ಪಂಪ್ ಒಂದೀಟು ನೋಡು. ಉಂಡು ಹೋಗಕ್ಕಂತಿ."

ಒಂದು ಪಂಪು ನೋಡಿದೆ. ಓಣಿಯಿಂದ ಇನ್ನೂ ನಾಲ್ಕು ಬಂದವು. ಸಂಜೆಯವರೆಗೆ ಯಂಕಂಚಿಯ ಪಂಪುಗಳೆಲ್ಲ ನೆಟ್ಟಗಾದವು, ನನ್ನ ಸೊಂಟ ಬಗ್ಗಿತು. ನಾನು ಪಂಪಿನ ವಾಶರ್ ಬದಲಿಸುತ್ತಿದ್ದಾಗ ನನ್ನ ಸುಳ್ಳು ಸುಮ್ಮನೆ ಕುಳಿತಿರಲಿಲ್ಲ. ನಾನು ಮುದ್ದೇಬಿಹಾಳಕ್ಕೆ ಬೈಕಿನ ಮೇಲೆ ಹೋದೆ. ಅದು ಫೋನಿನ ಮೇಲೆ ಹೋಗಿತ್ತು.

ಗುರುವಾರ ಮಧ್ಯಾಹ್ನ ಮುದ್ದೇಬಿಹಾಳ ಮುಟ್ಟಿದಾಗ ಬಟ್ಟೆ ಅಂಗಡಿಯ ಶಟರು ಅರ್ಧ ಇಳಿದಿತ್ತು. ಅರವತ್ತರ ಹತ್ತಿರದ ಒಬ್ಬರು ಹೆಲ್ಮೆಟ್ ಹಾಕಿಕೊಂಡು ಬೈಕಿಗೆ ಕಿಕ್ಕು ಹೊಡೆಯುತ್ತಿದ್ದರು. ನನ್ನ ಹಿಂದಿನ ಹಾಟ್‌ಬಾಕ್ಸು ನೋಡಿ ಕಾಲು ಕೆಳಗಿಟ್ಟರು.

"ಸಿಂದಗಿಯವ್ರು ನೀವ ಏನ್ರಿ? ಸಿಡಿಯೂ ಡಬ್ಬಿಯವ್ರು?"

"ಹೌದ್ರಿ. ಆದ್ರ ಅಷ್ಟೇನೂ..."

"ಅಷ್ಟೇನೂ ಅಂತೀರಲ್ರಿ! ಒಬ್ರ ಅಡಿಗಿಮನಿ ಹೆಂಚು ಹಾರಿ ಹೋಗ್ಯಾವಂತ!" ಅವರ ದನಿ ನಡುಗುತ್ತಿತ್ತು. "ಆ ಡಬ್ಬಿ ನಾ ಇಟ್ಕೊಂಡಿಲ್ರಿ. ಹೋದ ತಿಂಗಳ ಬಾಗೇವಾಡಿಯಾಗ ನಮ್ಮ ಗುರುಗಳ ಸತ್ಕಾರ ಇತ್ತು. ಬರೇ ಶಾಲು ಒಯ್ದರ ಹೆಂಗ ಅಂತ ನಮ್ಮ ಮನ್ಯಾಕಿ ಅಂದ್ಲು, ಭಾರ ಇದ್ದದ್ದೊಂದು ಆರಿಸಿ ಕೊಟ್ಲು. ಬಿಚ್ಚಿ ನೋಡಲಿಲ್ರಿ ನಾನು, ದೊಡ್ಡ ತಪ್ಪಾತು. ಅವ್ರಿಗೆ ಕಣ್ಣು ಕಾಣೂದಿಲ್ಲ. ಮುಂಜಾನಿಂದ ಫೋನ್ ಹಚ್ಚಾಕತ್ತೇನಿ, ಎತ್ತವಲ್ರು."

"ಯಾವ ಗುರುಗಳ್ರಿ?" ಎಂದೆ. ಉತ್ತರ ನನಗೆ ಆಗಲೇ ಗೊತ್ತಾಗಿತ್ತು.

"ಇಂಗಳೇಶ್ವರದ ಈರಪ್ಪ ಮಾಸ್ತರ."

ಓದುಗರು ಇಲ್ಲಿ ನನ್ನ ಮೇಲೆ ಸ್ವಲ್ಪ ಕರುಣೆ ತೋರಿಸಬೇಕು. ಆ ಸತ್ಕಾರಕ್ಕೆ ನಾನೂ ಹೋಗಿದ್ದೆ! ಅಳಿಯನೆಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಹಳದಿ ಕಾಗದದ ಡಬ್ಬಿಯನ್ನು ಮಾವನವರ ಕೈಗೆ ಕೊಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಕೊಟ್ಟವರ ಮುಖ ಮಾತ್ರ ಆ ಗದ್ದಲದಲ್ಲಿ ನೋಡಿರಲಿಲ್ಲ. ಶಾಲು, ಹಾರ, ಡಬ್ಬಿಗಳನ್ನೆಲ್ಲ ಹೊತ್ತು ಜೀಪಿನಲ್ಲಿ ಜೋಡಿಸಿದವನೂ ನಾನು. "ಇದು ಭಾಳ ಭಾರ ಐತಿ, ತಳಕ್ಕ ಇಡ್ರಿ" ಎಂದು ಎಲ್ಲರಿಗೂ ಸಲಹೆ ಕೊಟ್ಟಿದ್ದೆ. ಯಾರ ಪುಸ್ತಕ ಕಳೆದಿದ್ದೆನೋ ಅವರ ಮನೆಗೆ ನನ್ನ ಕೈಯಾರೆ ಅವನ್ನು ಮುಟ್ಟಿಸಿ, ಈಗ ಬೈಕಿನ ಮೇಲೆ ಹುಡುಕುತ್ತಿದ್ದೆ.

ಇಬ್ಬರೂ ಹೊರಟೆವು. ನನಗೆ ಇನ್ನೂ ಒಂದು ಆಸೆ ಇತ್ತು. ಮಾವನವರಿಗೆ ಕಣ್ಣು ಮಂಜು. ಡಬ್ಬಿ ಬಿಚ್ಚಿರಲಿಕ್ಕಿಲ್ಲ. ಸಂದಿ ನೋಡಿ ಪುಸ್ತಕ ತೆಗೆದು ಹಾಟ್‌ಬಾಕ್ಸು ಇಟ್ಟುಬಿಟ್ಟರೆ ಆಯಿತು. ಬಾಗೇವಾಡಿಯಲ್ಲಿ ಪೆಟ್ರೋಲಿಗೆ ನಿಂತೆವು. ಮೈಬೂಬಸಾಬರು ಮುಖ ಒರೆಸಿಕೊಂಡರು.

"ಸಾಲ್ಯಾಗ ನಾ ಇಂಗ್ಲೀಷಿನಾಗ ಮೂರು ಸಲ ನಪಾಸ್ರಿ. ಮಾಸ್ತರ ಮನಿಗೆ ಕರದು ಕಲಿಸಿದ್ರು. ಅವ್ರ ಮನಿಯವ್ರು ರೊಟ್ಟಿ ಕೊಡ್ತಿದ್ರು. ಅಂಥವ್ರಿಗೆ ನಾ ಇಂಥಾದು ಕೊಟ್ಟೆ ನೋಡ್ರಿ."

ಆಗ ನಿಜ ಹೇಳಬೇಕಿತ್ತು. ಬಾಯಿ ತೆರೆದೆ. "ಟೈರಿನಾಗ ಗಾಳಿ ನೋಡ್ಸೂನ್ರಿ," ಎಂದೆ. ಅವರ ಒದ್ದೆ ಕಣ್ಣು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಒಳ್ಳೆಯ ಮನುಷ್ಯನೊಬ್ಬ ನನ್ನ ಸುಳ್ಳಿಗಾಗಿ ಅಳುತ್ತಿದ್ದ.

ಇಂಗಳೇಶ್ವರದ ಮನೆಯ ಕಟ್ಟೆಯ ಮೇಲೆ ಮಾವನವರು ಬೆನ್ನಿಗೆ ದಿಂಬು ಕೊಟ್ಟು ಕುಳಿತಿದ್ದರು. ಮೊಮ್ಮಕ್ಕಳು ಅಂಗಳದಲ್ಲಿ ಗದ್ದಲ ಮಾಡುತ್ತಿದ್ದರು. ಮೈಬೂಬಸಾಬರು ಬೈಕು ನಿಲ್ಲಿಸುವ ಮೊದಲೇ ಕೂಗಿದರು.

"ಸರ್, ನಾ ಕೊಟ್ಟ ಡಬ್ಬಿ ಮುಟ್ಟಬ್ಯಾಡ್ರಿ!"

"ಯಾರು, ಮೈಬೂಬನೇನು? ಯಾಕೋ?"

"ಅದು ಸಿಡಿತೈತಂತ್ರಿ ಸರ್!"

ಮಾವನವರು ನಗಲಿಲ್ಲ. "ಒಂದ್ ತಿಂಗಳಿಂದ ತಲಿದಿಂಬಿನ ಕೆಳಗ ಐತಿ," ಎಂದರು. "ಇನ್ನೂ ಸಿಡಿದಿಲ್ಲ. ನಿನ್ನ ಜೋಡಿ ಇನ್ನೊಂದು ಬೈಕ್ ಬಂತಲ್ಲ, ಅದು ನಮ್ಮ ಅಳಿಯಂದ್ರು ಏನು? ಸಪ್ಪಳ ಗುರುತು ಹತ್ತತೈತಿ. ಬರ್ರಿ ಅಳಿಯಂದ್ರ. ಊರಿಗೆ ಬಂದಾಕಿ ನೀರಿಗೆ ಬರಲೇಬೇಕು."

ಬೆನ್ನ ಹಿಂದಿನ ದಿಂಬು ಸರಿಸಿ, ಒಂದೊಂದಾಗಿ ಮೂರು ಪುಸ್ತಕಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಮೈಬೂಬಸಾಬರು ಪುಸ್ತಕ ನೋಡಿದರು. ನನ್ನನ್ನು ನೋಡಿದರು. ಹಾಟ್‌ಬಾಕ್ಸು ನೋಡಿದರು. ಆಮೇಲೆ ಮೆಲ್ಲಗೆ ಹೆಲ್ಮೆಟ್ ತೆಗೆದು ಕಟ್ಟೆಯ ಮೇಲೆ ಕುಳಿತರು. ನಾನು ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಗಿಳಿ ಕಾಗದದಿಂದ ಹಿಡಿದು ಹಾರಿದ ಹೆಂಚಿನವರೆಗೆ. ಹೇಳಿ ಮುಗಿಸುವಷ್ಟರಲ್ಲಿ ಮೈಬೂಬಸಾಬರ ಹೊಟ್ಟೆ ಕುಲುಕುತ್ತಿತ್ತು. ಅವರು ಅಳುತ್ತಿದ್ದಾರೆಂದು ತಿಳಿದೆ. ನಗುತ್ತಿದ್ದರು!

"ಸೊಸಿ ಬಿಚ್ಚಿ, ಪುಸ್ತಕ ಅದಾವ್ರಿ ಮಾವಾರ ಅಂತ ಕೈಯಾಗ ಕೊಟ್ಲು," ಎಂದರು ಮಾವ. "ಇಲಿ ತಿಂದ ಮೂಲಿಗೆ ಬೆರಳು ಹತ್ತಿದ ಕೂಡ್ಲೆ ಗೊತ್ತಾತು. ಅಂದ್ರ ಅಳಿಯಂದ್ರು ಎಲ್ಲಾ ಓದಿ ಮುಗಿಸಿ, ಹಿಂಗ ಕಳಸ್ಯಾರ ಅಂತ ತಿಳದೆ. ಆಮ್ಯಾಲ ಒಳಗ ಕೈ ಹಾಕಿ ನೋಡಿದೆ. ಓದಿಲ್ಲ ಅಂತ ತಿಳೀತು. ಅದಕ್ಕ ಗೊತ್ತಿದ್ದೂ ಪುಸ್ತಕ ತರ್ರಿ ಅಂತ ಫೋನ್ ಮಾಡಿದೆ."

"ಸ್ವಲ್ಪ ಓದೇನ್ರಿ ಮಾವಾರ," ಎಂದೆ. ಮುಳುಗುವವನು ಹುಲ್ಲುಕಡ್ಡಿ ಬಿಡುತ್ತಾನೆಯೇ?

"ಇತಿಹಾಸದ್ದು?"

"ಓದೇನ್ರಿ."

"ನಿಮ್ಮ ಸಿಂದಗಿ ಬಗ್ಗೆ ಏನು ಬರದಾರ?"

"ಭಾಳ ಛಲೋ ಬರದಾರ್ರಿ."

"ಒಂದಕ್ಷರ ಬರದಿಲ್ಲ. ಅದರ ಸಿಟ್ಟಿಗೆ ನಾನ ಅಂಚಿನಾಗ ಪೆನ್ಸಿಲ್‌ಲೆ ಬರದೇನಿ. ಯಾವ ಬಾವಿ ಯಾರು ತೋಡಿಸಿದ್ರು, ಮೊದಲನೇ ಬಸ್ಸು ಬಂದಾಗ ಯಾರು ಕಾಯಿ ಒಡದ್ರು, ಎಲ್ಲಾ. ಅದು ಇದೊಂದ ಪುಸ್ತಕದಾಗ ಐತಿ, ಬ್ಯಾರೆ ಎಲ್ಲೂ ಇಲ್ಲ." ಆಮೇಲೆ ವಿಮಾನದ ಪುಸ್ತಕ ನನ್ನ ಕೈಗೆ ಕೊಟ್ಟರು. "ವಿಮಾನ ಹಾರೇತಿ ಅಂತಿದ್ರಲ್ಲ. ಅದು ಹಾರೂದು ನಾಕನೇ ಅಧ್ಯಾಯದಾಗ. ನೀವು ಎರಡನೇದು ತಗೀರಿ."

ತೆಗೆದೆ. ಎರಡನೆಯ ಅಧ್ಯಾಯದ ಮೊದಲ ಹಾಳೆಯಲ್ಲಿ ಮಡಚಿದ ಒಂದು ಚೀಟಿ ಇತ್ತು. ಮಡಿಕೆಯ ಗುರುತು ಹಾಳೆಯ ಮೇಲೆ ಬಿದ್ದಿತ್ತು. ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ.

"ಓದ್ರಿ," ಎಂದರು.

ಮಾಸ್ತರರ ದುಂಡು ಅಕ್ಷರ. ಮೂರು ವರ್ಷದ ಹಿಂದಿನ ತಾರೀಖು. ಹೀಗಿತ್ತು:

'ಅಳಿಯಂದಿರಿಗೆ ಆಶೀರ್ವಾದಗಳು. ಇಲ್ಲಿಯವರೆಗೆ ಓದಿದವರು ಮುಂದೆಯೂ ಓದುತ್ತೀರಿ. ಈ ಏಳು ಜನ ಒಂದೇ ವಿಮಾನದಲ್ಲಿದ್ದರೂ ಕತ್ತಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ವಿಮಾನ ನಡೆಸುವವನು ಆಗಾಗ ಒಳಗಿನ ಫೋನಿನ ತಂತಿಯ ಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಾನೆ, ಇದ್ದೀಯಾ ಎಂದು. ಅವರು ಇದ್ದೇನೆ ಎನ್ನುತ್ತಾರೆ. ನಿಮ್ಮ ಅತ್ತೆ ಇದ್ದಾಗ ನಾನು ಓದಿ ಹೇಳುತ್ತಿದ್ದೆ, ಅವಳು ಹೂಂ ಎನ್ನುತ್ತಿದ್ದಳು. ಈಗಲೂ ಮನೆ ತುಂಬ ಮಂದಿ ಇದ್ದಾರೆ, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೂಂ ಎನ್ನುವವರು ಮಾತ್ರ ಇಲ್ಲ. ಈ ಹಾಳೆ ಮುಟ್ಟಿದ ದಿನ ಫೋನು ಮಾಡಬೇಡಿರಿ, ಬಂದುಬಿಡಿರಿ.'

ಚೀಟಿಯನ್ನು ಅದರ ಹಳೆಯ ಮಡಿಕೆಯಲ್ಲೇ ಮಡಚಿದೆ. ರವಿವಾರದ ಫೋನುಗಳೆಲ್ಲ ನೆನಪಾದವು. ವಿಮಾನ ಎಲ್ಲಿಯವರೆಗೆ ಬಂತು ಎಂದು ಅವರು ಕೇಳಿದಾಗಲೆಲ್ಲ, ಈ ವಾರವಾದರೂ ಅಳಿಯ ಎರಡನೆಯ ಅಧ್ಯಾಯ ಮುಟ್ಟಿದನೋ ಎಂದು ಕಾಯುತ್ತಿದ್ದರು. ನಾನು ಒಂದು ಹಾಳೆ ತಿರುವಿದ್ದರೆ ಸಾಕಿತ್ತು.

"ಮಾವಾರ, ತಪ್ಪಾತ್ರಿ," ಎಂದೆ.

"ಬಂದ್ರಲ್ಲ," ಎಂದರು ಅವರು. "ಸ್ವಲ್ಪ ಸುತ್ತು ಹಾಕಿ ಬಂದ್ರಿ. ಇಂಡಿ, ಯಂಕಂಚಿ, ಮುದ್ದೇಬಿಹಾಳ, ಎಲ್ಲಾ ನೋಡ್ಕೊಂಡು." ಆಮೇಲೆ ಗಾದೆಯ ಪುಸ್ತಕ ಚಾಚಿದರು. "ಹಾರೂ ಮೊದಲ ನೋಡು ಅಂತ ಇಂಗ್ಲೀಷಿನಾಗ ಒಂದು ಐತಿ. ಅದಕ್ಕ ನಮ್ಮ ಗಾದಿ ಭಾಳ ವರ್ಷ ಹುಡುಕಿದ್ದೆ. ಹೋದ ತಿಂಗಳ ಸಿಕ್ತು ನೋಡ್ರಿ."

ಕಾಣದ ಕಣ್ಣಿನಲ್ಲಿ ಬರೆದ ಸೊಟ್ಟ ಅಕ್ಷರಗಳು ಸಾಲು ಬಿಟ್ಟು ಹೊರಗೆ ಹೋಗಿದ್ದವು. 'ಆಯಾರ ಕೊಡುವ ಮೊದಲು ಬಿಚ್ಚಿ ನೋಡು.'

ಆಪರೇಶನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದೊಡನೆ ಮಾವನವರು ಮೂರು ಪುಸ್ತಕಗಳನ್ನು ಮುಟ್ಟಿ, ನೋಡಿ, ಮೂಸಿದರು. ಆದರೆ ಕೆಲವು ವಾರ ಓದಕೂಡದು ಎಂದು ಡಾಕ್ಟರು ಹೇಳಿದರು. ಮಾಡಿದ್ದುಣ್ಣೋ ಮಾರಾಯ! ಈಗ ಪ್ರತಿ ರವಿವಾರ ನಾನು ಮತ್ತು ಸುಮಂಗಲಾ ಇಂಗಳೇಶ್ವರಕ್ಕೆ ಹೋಗುತ್ತೇವೆ. ಹಾಟ್‌ಬಾಕ್ಸಿನಲ್ಲಿ ಅವಳಪ್ಪನಿಗೆ ಬಿಸಿ ರೊಟ್ಟಿ ಇರುತ್ತದೆ. ಆ ಹಾಟ್‌ಬಾಕ್ಸನ್ನು ಯಾರಿಗೂ ಆಯಾರ ಕೊಡಕೂಡದೆಂದು ಅವಳು ಅದರ ಮೇಲೆ ತನ್ನ ಹೆಸರು ಬರೆಸಿದ್ದಾಳೆ. ಒಮ್ಮೊಮ್ಮೆ ಮೈಬೂಬಸಾಬರೂ ಬರುತ್ತಾರೆ. ಬಂದವರೇ ಹಾಟ್‌ಬಾಕ್ಸಿನಿಂದ ನಾಲ್ಕು ಮಾರು ದೂರ ಕುಳಿತು ನನ್ನ ಮುಖ ನೋಡುತ್ತಾರೆ.

ಮಧ್ಯಾಹ್ನ ಉಂಡ ಮೇಲೆ ನನ್ನ ಓದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತೈದು ಅಂಕ ಪಡೆದ ನಾಲಿಗೆ ನನ್ನದು. ಎರಡು ಶಬ್ದಕ್ಕೊಮ್ಮೆ ಎಡವುತ್ತೇನೆ, ಮಾವನವರು ತಿದ್ದುತ್ತಾರೆ. ಒಂದು ಸಾಲು ಮುಗಿದರೆ "ಹೂಂ" ಎನ್ನುತ್ತಾರೆ.

ಹೋದ ರವಿವಾರ ಬಹಳ ಸೆಕೆ ಇತ್ತು. ಕಪ್ಪು ಕನ್ನಡಕದ ಹಿಂದೆ ಮಾವನವರ ಕಣ್ಣು ಕಾಣುತ್ತಿರಲಿಲ್ಲ. ಹೂಂ ನಿಂತಿತು. ಬಾಯಿ ತುಸು ತೆರೆದಿತ್ತು. ಮುಂದಿನ ಹಾಳೆಗಳಲ್ಲಿ ಬರೀ ಉದ್ದುದ್ದ ಶಬ್ದಗಳು. ನಾನು ಬೆರಳಿಗೆ ಉಗುಳು ಹಚ್ಚದೆ, ಸಪ್ಪಳ ಮಾಡದೆ, ಮೂರು ಹಾಳೆ ಒಮ್ಮೆಲೇ ತಿರುವಿದೆ. ಅಲ್ಲಿ ವಿಮಾನ ನೆಲ ಮುಟ್ಟುತ್ತಿತ್ತು. ಸಮಾಧಾನದಿಂದ ಅಲ್ಲಿಂದ ಶುರು ಮಾಡಿದೆ.

"ಅಳಿಯಂದ್ರ."

"ಏನ್ರಿ ಮಾವಾರ?"

"ವಿಮಾನ ಇಳೀತೇನು?"

"ಇಳೀತ್ರಿ."

"ಹಿಂದಕ್ಕ ಹೋಗ್ರಿ. ಬಾಲದಾಗ ಒಬ್ಬನ ಕುಂತಾನಲ್ಲ, ಅವ ಅದಾನೋ ಇಲ್ಲೋ ಇನ್ನೂ ಹೇಳಿಲ್ಲ."

ಒಳಗಿನಿಂದ ಸುಮಂಗಲಾ ನಕ್ಕದ್ದು ಕೇಳಿಸಿತು. ಮೂರು ವರ್ಷ ವಿಮಾನ ಇಳಿಸದವನು ಮೂರು ಹಾಳೆ ಹಾರಿಸಿ ಇಳಿಸಲು ಹೋಗಿದ್ದೆ! ಒಂದು ವಾಶರ್ ಕಳೆಯದ ಶಿಸ್ತಿನ ಮನುಷ್ಯ ಒಬ್ಬ ಮನುಷ್ಯನನ್ನೇ ಕತ್ತಲೆಯಲ್ಲಿ ಬಿಟ್ಟು ಬರುತ್ತಿದ್ದೆ. ಹಾಳೆ ಹಿಂದಕ್ಕೆ ತಿರುವಿ, ವಿಮಾನವನ್ನು ಮತ್ತೆ ಮೇಲಕ್ಕೆ ಏರಿಸಿ, ಎಡವುತ್ತ ಎಡವುತ್ತ ಆ ಸಾಲು ಹುಡುಕಿದೆ. ನಡೆಸುವವನು ತಂತಿಯ ಮೇಲೆ ಕರೆದ. ಬಾಲದಲ್ಲಿದ್ದವನು ಇದ್ದೇನೆ ಎಂದ.

"ಹೂಂ," ಎಂದರು ಮಾವ.